ನಡಿಗೆಯೊಂದೇ ಸಾಲದು, ಕುರ್ಚಿಯನ್ನೂ ಬಳಸಿ

ನಮ್ಮ ಅಮ್ಮ ದಿನವೂ ಉದ್ಯಾನದಲ್ಲಿ ಎರಡು ಸುತ್ತು ಹಾಕುತ್ತಿದ್ದರು. ಆದರೂ ದೇವರ ಮುಂದೆ ಕುಳಿತರೆ ಏಳಲು ಗೋಡೆ ಹಿಡಿಯಬೇಕಿತ್ತು. ನಡಿಗೆ ಒಳ್ಳೆಯದೇ, ಆದರೆ ತೊಡೆಯ ಸ್ನಾಯುವಿಗೆ ಅದಷ್ಟೇ ಸಾಲದು. 65 ದಾಟಿದವರಿಗೆ ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮವೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನಾವು ಮಾಡಿದ್ದು ಇಷ್ಟು: ಗೋಡೆಗೆ ಒತ್ತಿಸಿಟ್ಟ ಮರದ ಕುರ್ಚಿ (ಪ್ಲಾಸ್ಟಿಕ್ಕಿನದು ಬೇಡ, ಜಾರುತ್ತದೆ). ಕೈ ಊರದೆ ನಿಧಾನವಾಗಿ 8 ಸಲ ಏಳುವುದು, ಕೂರುವುದು. ಧೊಪ್ಪೆಂದು ಕೂತರೆ ಲೆಕ್ಕಕ್ಕಿಲ್ಲ! ಆಮೇಲೆ ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು.

ಇದರ ಜೊತೆಗೆ ಊಟವೂ ಬದಲಾಗಬೇಕು. ರಾತ್ರಿ ಬರೀ ತಿಳಿಸಾರು ಅನ್ನ ಉಂಡರೆ ಸ್ನಾಯುವಿಗೆ ಪ್ರೋಟೀನ್ ಎಲ್ಲಿಂದ ಬರಬೇಕು? ವಯಸ್ಸಾದವರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕೆನ್ನುತ್ತಾರೆ ತಜ್ಞರು. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ. ಮೊಟ್ಟೆ ಮುಟ್ಟದ ಅಮ್ಮನಿಗೆ ಬೆಳಿಗ್ಗೆ ಹೆಸರುಕಾಳಿನ ದೋಸೆ, ಮಧ್ಯಾಹ್ನ ದಪ್ಪ ಬೇಳೆಯ ಹುಳಿ, ಸಂಜೆ ಹಿಡಿ ಹುರಿಗಡಲೆ, ರಾತ್ರಿ ಗಟ್ಟಿ ಮೊಸರು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬೇಡಿ.