ಮೇಯುವ ಮೀನಿಗೆ ಮೇವು: ಕೊಡಗಿನ ಚಳಿ-ಮಳೆಯಲ್ಲಿ ಡ್ವಾರ್ಫ್ ಏಂಜೆಲ್ ಮತ್ತು ಮೆದು ಹವಳ

ಮನೆಯ ಉಪ್ಪುನೀರಿನ ಟ್ಯಾಂಕಿನಲ್ಲಿ ಸಾಕುವ ಪುಟ್ಟ ಕಡಲ ಮೀನು ಡ್ವಾರ್ಫ್ ಏಂಜೆಲ್, ಅದೇ ಟ್ಯಾಂಕಿನ ಜೀವಂತ ಹವಳ ತಿನ್ನುತ್ತದೆಯೋ ಇಲ್ಲವೋ ಎಂದು ಕೇಳುವವರಿಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದು. ಸೆಂಟ್ರೊಪೈಜಿ ಕುಲದ ಈ ಮೀನುಗಳು ಲೈಟು ಹತ್ತಿದ ಗಳಿಗೆಯಿಂದ ಆರುವವರೆಗೂ ಕಲ್ಲಿನ ಮೇಲಿನ ಪಾಚಿ ಪದರ, ಅದರಲ್ಲಿ ಸಿಕ್ಕಿಕೊಂಡ ಕಸ, ಸಣ್ಣ ಹುಳು, ಸ್ಪಂಜಿನ ಚೂರು ಕುಕ್ಕುತ್ತಲೇ ಇರುತ್ತವೆ. ಗೂಟಕ್ಕೆ ಕಟ್ಟಿದ ದನ ಹುಲ್ಲು ಮುಗಿದ ಮೇಲೆ ಪಕ್ಕದ ಬೇಲಿಗೆ ಬಾಯಿ ಹಾಕುವ ಹಾಗೆ, ಮೇವು ತೆಳುವಾದಾಗ ಅದೇ ಬಾಯಿ ಹವಳದ ಮೇಲೆ ಹೋಗುತ್ತದೆ. ಟ್ಯಾಂಕಿನ ಅಳತೆ, ಕಲ್ಲಿನ ಜೋಡಣೆ, ಹವಳದ ಆಯ್ಕೆ ಎಲ್ಲವನ್ನೂ ನಾನು ಈ ಮೇವಿನ ಲೆಕ್ಕದಲ್ಲೇ ಮಾಡುತ್ತೇನೆ.

ಈ ಕುಲದಲ್ಲಿ ನನ್ನ ಮೊದಲ ಆಯ್ಕೆ ಕೋರಲ್ ಬ್ಯೂಟಿ. ಸುಮಾರು 10 ಸೆಂ.ಮೀ.ಗೆ ನಿಲ್ಲುತ್ತದೆ, ಬೇಗ ಒಗ್ಗುತ್ತದೆ. ಫ್ಲೇಮ್ ಏಂಜೆಲ್ ಕೂಡ ಅಷ್ಟೇ ಗಾತ್ರ, ಬೆಲೆ ಮಾತ್ರ ಹಲವು ಪಟ್ಟು. ಕೆರಿಬಿಯನ್ ಕಡೆಯ ಚೆರಬ್ 8 ಸೆಂ.ಮೀ. ಮೀರದಿದ್ದರೂ ಜಗಳಗಂಟಿ. ಬೈಕಲರ್ ಮತ್ತು ಲೆಮನ್‌ಪೀಲ್ ಎಷ್ಟೇ ಚೆಂದವಿದ್ದರೂ ಹವಳವಿರುವ ಟ್ಯಾಂಕಿಗೆ ನಾನು ಬಿಡುವುದಿಲ್ಲ. ಅಂಡಮಾನ್, ಶ್ರೀಲಂಕಾ ಕಡಲಿನ ಐಬ್ಲಿ 15 ಸೆಂ.ಮೀ. ಬೆಳೆಯುವುದರಿಂದ ಅದಕ್ಕೆ ಆರಡಿ ಟ್ಯಾಂಕ್ ಬೇಕು. ನಾಲ್ಕಡಿ ಟ್ಯಾಂಕಿಗೆ ಒಂದೇ ಏಂಜೆಲ್ ಸಾಕು. ಜೋಡಿ ಬೇಕೇ ಬೇಕೆಂದರೆ ಒಂದೇ ಜಾತಿಯ ಒಂದು ದೊಡ್ಡದು, ಒಂದು ಚಿಕ್ಕದನ್ನು ಒಟ್ಟಿಗೇ ಬಿಡಬೇಕು. ಇವೆಲ್ಲ ಹೆಣ್ಣಾಗಿ ಬೆಳೆದು, ಮೇಲುಗೈ ಪಡೆದದ್ದು ಗಂಡಾಗಿ ತಿರುಗುವ ಮೀನುಗಳು. ಎರಡು ಗಂಡು ಸೇರಿದರೆ ಒಂದು ಉಳಿಯುವುದಿಲ್ಲ.

ಹವಳದ ವಿಷಯದಲ್ಲಿ ಕಾನೂನೇ ಅರ್ಧ ಆಯ್ಕೆ ಮಾಡಿಬಿಡುತ್ತದೆ. ಕಲ್ಲು ಹವಳಗಳೆಲ್ಲ, ಕರಿ ಹವಳ, ಬೆಂಕಿ ಹವಳ, ಬೀಸಣಿಗೆಯಂಥ ಗೋರ್ಗೋನಿಯನ್‌ಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅಂಗಡಿಯಲ್ಲಿ ಮೂಟೆಗಟ್ಟಿ ಮಾರುವ ಒಣ ಹವಳದ ತುಂಡೂ ಅದೇ ಕಲ್ಲು ಹವಳದ್ದು, ಅದನ್ನೂ ಮುಟ್ಟದಿರುವುದು ಲೇಸು. ನನ್ನ ಟ್ಯಾಂಕಿನಲ್ಲಿ ಇರುವುದು ಕಲ್ಲಿನಂಥ ಗೂಡು ಕಟ್ಟದ ಮೆದು ಹವಳಗಳು, ಸೆರಾಮಿಕ್ ಕಲ್ಲು. ಇದರಿಂದ ನಷ್ಟವೇನೂ ಇಲ್ಲ. ಏಂಜೆಲ್ ಹೆಚ್ಚು ಕುಕ್ಕುವುದು ದಪ್ಪ ತಿರುಳಿನ ಕಲ್ಲು ಹವಳಗಳನ್ನು. ಲೆದರ್ ಹವಳಗಳಾದ ಸಾರ್ಕೊಫೈಟಾನ್, ಸಿನುಲೇರಿಯಾ ಮತ್ತು ಡಿಸ್ಕೊಸೋಮಾ ಮಶ್ರೂಮ್‌ಗಳ ಮೈಯಲ್ಲಿ ಕಹಿ ರಾಸಾಯನಿಕಗಳಿರುವುದರಿಂದ ಒಂದೆರಡು ಸಲ ರುಚಿ ನೋಡಿ ಬಿಟ್ಟುಬಿಡುತ್ತದೆ. ಜೋಆಂಥಿಡ್, ಕ್ಲೋವ್ ಪಾಲಿಪ್, ಜೀನಿಯಾ ಜಾತಿಗಳು ಮಾತ್ರ ಅನುಮಾನದವು, ಅವನ್ನು ತಿಂದರೂ ತಿನ್ನಬಹುದು. ಮೀನು ಮಲಗುವ ಗುಹೆಯ ಬಾಯಿಯಲ್ಲಿ ಇರುವುದಕ್ಕೆ ಅತಿ ಹೆಚ್ಚು ಪೆಟ್ಟು ಬೀಳುತ್ತದೆ. ಅಲ್ಲಿ ಲೆದರ್ ಮತ್ತು ಮಶ್ರೂಮ್ ಇಟ್ಟು, ಜೋಆಂಥಿಡ್‌ಗಳನ್ನು ಕಲ್ಲಿನಿಂದ ದೂರ, ಮರಳಿನ ಮೇಲೆ ಬೇರೆ ತುಂಡಿನಲ್ಲಿ ಕೂರಿಸುತ್ತೇನೆ.

ಟ್ಯಾಂಕ್ 120×45×45 ಸೆಂ.ಮೀ., ಅಂದರೆ 243 ಲೀಟರ್. ಕಲ್ಲನ್ನು ಗೋಡೆಯಂತೆ ಒಟ್ಟಬಾರದು. ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಹೊರಬೀಳುವ ನಾಲ್ಕೈದು ಸಂದು ಇರಬೇಕು, ಮೀನಿಗೆ ಮೇಯಲು ಸಿಗುವ ಮೈ ಹೆಚ್ಚುತ್ತದೆ. ಹೊಸ ಸೆರಾಮಿಕ್ ಕಲ್ಲು ಬರೀ ಬೋಳು. ಅದರ ಮೇಲೆ ಮೊದಲು ಕಂದು ಪದರ, ಆಮೇಲೆ ಹಸಿರು, ಕೊನೆಗೆ ಕುಕ್ಕಿದರೂ ಮತ್ತೆ ಚಿಗುರುವ ಗಟ್ಟಿ ಪದರ ಬರಲು ನಾಲ್ಕರಿಂದ ಆರು ತಿಂಗಳು ಬೇಕು. ಅಲ್ಲಿಯವರೆಗೆ ಏಂಜೆಲ್ ತರುವುದಿಲ್ಲ, ತಂದಾಗಲೂ ಎಲ್ಲ ಮೀನುಗಳ ನಂತರ ಕೊನೆಯದಾಗಿ. ಹಿಂದಿನ ಮತ್ತು ಪಕ್ಕದ ಗಾಜನ್ನು ಉಜ್ಜುವುದೇ ಇಲ್ಲ. ನೋಡುವವರಿಗೆ ಸೋಮಾರಿತನ ಅನ್ನಿಸಬಹುದು, ಆದರೆ ಅದು ಮೀನಿನ ಗೋಮಾಳ.

ಕೈಯಿಂದ ಹಾಕುವ ಮೇವನ್ನು ಮನೆಯಲ್ಲೇ ಮಾಡುತ್ತೇನೆ. ಸಿಪ್ಪೆ ತೆಗೆದ ಸಿಗಡಿ 200 ಗ್ರಾಂ, ಬೊಂಡಾಸ್ (ಸ್ಕ್ವಿಡ್) 100 ಗ್ರಾಂ, ಮರುವಾಯಿ (ಚಿಪ್ಪಿನ ಜೀವಿ) ತಿರುಳು 100 ಗ್ರಾಂ. ಮಂಗಳೂರು ಕಡೆಯಿಂದ ಐಸಿನಲ್ಲಿ ಬರುವ ಮಾಲಾದ್ದರಿಂದ ಆರ್‌ಓ ನೀರಿನಲ್ಲಿ ಎರಡು ಬಾರಿ ತೊಳೆಯಬೇಕು. ಉಪ್ಪು, ಎಣ್ಣೆ ಸೋಕದ ನೋರಿ (ಒಣಗಿಸಿದ ಕಡಲ ಪಾಚಿ) ಆರು ಹಾಳೆ, ಸ್ಪಿರುಲಿನಾ ಪುಡಿ ಎರಡು ಚಮಚ ಸೇರಿಸಿ ಮಿಕ್ಸಿಯಲ್ಲಿ ತರಿತರಿಯಾಗಿ ರುಬ್ಬಿ, ಜಿಪ್ ಕವರಿನಲ್ಲಿ ತೆಳ್ಳಗೆ ತಟ್ಟಿ ಫ್ರೀಜರಿಗೆ ಹಾಕುವುದು. ಬೇಕಾದಾಗ ಬೆರಳುಗುರಿನಷ್ಟು ಮುರಿದುಕೊಳ್ಳಬಹುದು. ಬಂಗುಡೆ, ಬೂತಾಯಿ ಬೇಡ, ಎಣ್ಣೆಯಂಶ ಜಾಸ್ತಿ. ದಿನಕ್ಕೆ ಮೂರು ನಾಲ್ಕು ಬಾರಿ ಸ್ವಲ್ಪ ಸ್ವಲ್ಪ, ಜೊತೆಗೆ ಬೆಳಗ್ಗೆ ಕ್ಲಿಪ್ಪಿಗೆ ಸಿಕ್ಕಿಸಿದ ನೋರಿ ತುಂಡು. ಇಷ್ಟು ತಿನ್ನಿಸಿದರೆ ನೈಟ್ರೇಟ್ 10ರಿಂದ 15 ಪಿಪಿಎಂವರೆಗೆ ಏರುತ್ತದೆ. ಮೆದು ಹವಳಕ್ಕೆ ಅದು ಹಿತವೇ. ಫಾಸ್ಫೇಟ್ 0.1 ದಾಟದಂತೆ ನೋಡಿಕೊಂಡು ವಾರಕ್ಕೆ ಶೇ. 10 ನೀರು ಬದಲಿಸಿದರೆ ಸಾಕು, ಕ್ಯಾಲ್ಸಿಯಂ ಡೋಸಿಂಗ್ ಯಂತ್ರದ ಖರ್ಚು ಉಳಿಯುತ್ತದೆ.

ನಮ್ಮ ಬಾವಿ ನೀರು ಮೆದು, ಟಿಡಿಎಸ್ (ಕರಗಿದ ಲವಣಾಂಶ) ಕಡಿಮೆ ಎಂದು ನೇರ ಉಪ್ಪು ಬೆರೆಸುವವರಿದ್ದಾರೆ. ತೋಟದ ನಡುವಿನ ಬಾವಿಯಾದರೆ ಖಂಡಿತ ಬೇಡ, ಕಾರಣ ಮುಂದೆ ಹೇಳುತ್ತೇನೆ. ಆರ್‌ಓ, ಅದರ ನಂತರ ಉಳಿದ ಲವಣವನ್ನೂ ಹೀರುವ ಡಿಐ ರಾಳ, ಟಿಡಿಎಸ್ ಮೀಟರಿನಲ್ಲಿ 0. ಅಡುಗೆಮನೆಯ ಆರ್‌ಓದಿಂದ ಹಿಡಿಯುವುದಾದರೆ ಮಿನರಲ್ ಕಾರ್ಟ್ರಿಜ್‌ಗೆ ಹೋಗುವ ಮೊದಲೇ ಪೈಪು ಕವಲು ತೆಗೆಯಬೇಕು. ಡಿಐ ರಾಳ ಬೇಗ ಮುಗಿದರೆ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಕಾರಣ: ಅದು ಮೆಂಬ್ರೇನ್ ದಾಟಿ ಬಂದು ರಾಳವನ್ನು ತಿನ್ನುತ್ತದೆ, ಟಿಡಿಎಸ್ ಮೀಟರ್ ಅದನ್ನು ತೋರಿಸುವುದಿಲ್ಲ. ಆರ್‌ಓ ನೀರನ್ನು ತೆರೆದ ಡ್ರಮ್ಮಿನಲ್ಲಿ ಒಂದು ದಿನ ಏರ್ ಸ್ಟೋನ್ ಹಾಕಿಟ್ಟು ಆಮೇಲೆ ರಾಳಕ್ಕೆ ಬಿಟ್ಟರೆ ರಾಳ ಬಾಳಿಕೆ ಬರುತ್ತದೆ. ನೀರು ತಣ್ಣಗಾದಂತೆ, 25 ಡಿಗ್ರಿಗಿಂತ ಕೆಳಗಿನ ಪ್ರತಿ ಡಿಗ್ರಿಗೆ ಸುಮಾರು ಶೇ. 3ರಷ್ಟು ಆರ್‌ಓ ಉತ್ಪಾದನೆ ಇಳಿಯುತ್ತದೆ. ಮಳೆಗಾಲದಲ್ಲಿ ಫಿಲ್ಟರ್ ಕೆಟ್ಟಿತೆಂದು ಗಾಬರಿ ಬೀಳಬೇಕಿಲ್ಲ. ಉಪ್ಪು ಬೆರೆಸಿ, ಉಪ್ಪಿನಂಶ ಅಳೆಯುವ ರಿಫ್ರಾಕ್ಟೊಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.025ಕ್ಕೆ ನಿಲ್ಲಿಸುವುದು.

ಇನ್ನು ತೋಟದ ಬಾವಿ ನೀರು ಬೇಡ ಎಂದದ್ದಕ್ಕೆ ಕಾರಣ, ಮೈಲುತುತ್ತು. ಮಳೆ ಹಿಡಿಯುವ ಮೊದಲು ಕಾಫಿಯ ಕೊಳೆರೋಗಕ್ಕೆ, ಕರಿಮೆಣಸಿನ ಸೊರಗು ರೋಗಕ್ಕೆ ಊರೆಲ್ಲ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಯುವ ಕಾಲ. ಶೇ. 1ರ ಬೋರ್ಡೋ ಅಂದರೆ 100 ಲೀಟರಿಗೆ 1 ಕಿಲೋ ಮೈಲುತುತ್ತು, ಅದರಲ್ಲಿ ಕಾಲು ಭಾಗ ತಾಮ್ರ. ಲೀಟರಿಗೆ ಎರಡೂವರೆ ಗ್ರಾಂ ತಾಮ್ರವಾಯಿತು. ಅಂಥ ದ್ರಾವಣ ನಾಲ್ಕು ಟೀ ಚಮಚ, ಅಂದರೆ 20 ಮಿ.ಲೀ., ನಮ್ಮ ಟ್ಯಾಂಕಿಗೆ ಬಿದ್ದರೆ ಲೀಟರಿಗೆ 0.2 ಮಿ.ಗ್ರಾಂ. ಮೀನಿನ ರೋಗಕ್ಕೆ ಔಷಧಿಯಾಗಿ ಹಾಕುವಷ್ಟು ತಾಮ್ರ ಅದು. ಸಿಗಡಿ, ಬಸವನಹುಳು, ಹವಳ ಯಾವುದೂ ತಡೆಯುವುದಿಲ್ಲ. ಔಷಧಿ ಹೊಡೆದ ಕೈ ಅಂದು ಟ್ಯಾಂಕಿನೊಳಗೆ ಹೋಗಕೂಡದು. ತೋಟದ ಬಕೆಟ್ಟು, ಹೋಸು ಒಳಗೆ ಬರಕೂಡದು. ಮಾಡಿನ ನೀರು ಹಿಡಿದು ಬಳಸಕೂಡದು. ಮನೆ ಮುಚ್ಚಿರುವ ಮಳೆಗಾಲದಲ್ಲಿ ಪಿಎಚ್ ಇಳಿಯುತ್ತದೆಂದು ಸ್ಕಿಮ್ಮರಿನ (ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಯಂತ್ರ) ಗಾಳಿ ಪೈಪನ್ನು ಕಿಟಕಿಯಾಚೆ ಇಡುವ ಅಭ್ಯಾಸ ಒಳ್ಳೆಯದೇ, ಆದರೆ ಔಷಧಿ ಹೊಡೆಯುವ ದಿನಗಳಲ್ಲಿ ಒಳಗೆಳೆದುಕೊಳ್ಳಬೇಕು. ತಾಮ್ರ ಹೀರುವ ರಾಳದ ಪೊಟ್ಟಣ ಒಂದು ಮನೆಯಲ್ಲಿರಲಿ.

ಬಯಲುಸೀಮೆಯವರು ನೀರು ತಂಪು ಮಾಡುವ ಚಿಲ್ಲರ್ ಯಂತ್ರಕ್ಕೆ ಸುರಿಯುವ ದುಡ್ಡು ನಮಗೆ ಉಳಿತಾಯ, ಏಪ್ರಿಲ್‌ನಲ್ಲಿ ಒಂದು ಸಣ್ಣ ಫ್ಯಾನು ಸಾಕು. ನಮ್ಮ ತಾಪತ್ರಯ ಹೀಟರಿನದು. 25.5 ಡಿಗ್ರಿಗೆ ಕಂಟ್ರೋಲರ್ ಇಟ್ಟು, ಒಂದು ದೊಡ್ಡದರ ಬದಲು 200 ವ್ಯಾಟಿನ ಎರಡು ಹೀಟರ್ ಹಾಕಬೇಕು. ಒಂದು ಆನ್ ಆಗಿಯೇ ಸಿಕ್ಕಿಕೊಂಡರೂ ಮೀನು ಬೇಯುವುದಿಲ್ಲ. ಜುಲೈ-ಆಗಸ್ಟ್‌ನ ಕಕ್ಕಡ ಮಾಸದ ಮಳೆಯಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದರೆ, ಕೋಣೆ 17–18 ಡಿಗ್ರಿ ಇರುವಾಗ ಟ್ಯಾಂಕ್ ಗಂಟೆಗೆ ಸುಮಾರು ಅರ್ಧ ಡಿಗ್ರಿ ಆರುತ್ತದೆ. 150 ಎಎಚ್ ಬ್ಯಾಟರಿಯ ಇನ್ವರ್ಟರ್, 50 ವ್ಯಾಟಿನ ಪಂಪುಗಳನ್ನು ಹೆಚ್ಚುಕಡಿಮೆ ಒಂದು ದಿನ ಓಡಿಸುತ್ತದೆ. ಅದಕ್ಕೇ ಒಂದು ಹೀಟರ್ ಸೇರಿಸಿದರೆ ಐದು ಗಂಟೆಗೆ ಖಾಲಿ. ಉಸಿರು ಮೊದಲು, ಬಿಸಿ ಆಮೇಲೆ. ಹೀಟರನ್ನು ಇನ್ವರ್ಟರಿಗೆ ಕೊಡದೆ, ಗಾಜಿಗೆ ಥರ್ಮೋಕೋಲ್ ಹಚ್ಚಿ ಮೇಲೆ ಕಂಬಳಿ ಸುತ್ತುತ್ತೇನೆ. 22 ಡಿಗ್ರಿಗೆ ಇಳಿದಾಗ ಬಚ್ಚಲ ಹಂಡೆಯ ನೀರನ್ನು 60 ಡಿಗ್ರಿ ಮಾಡಿ ಎರಡು ಲೀಟರಿನ ನಾಲ್ಕು ಬಾಟಲಿಗೆ ತುಂಬಿ, ಹೊರಮೈಯ ಬೂದಿ, ಸೋಪು ಹೋಗುವಂತೆ ತೊಳೆದು, ಬಿರಡೆ ಬಿಗಿದು ತೇಲಿಸಿದರೆ ಸುಮಾರು ಒಂದು ಡಿಗ್ರಿ ಏರುತ್ತದೆ.

ಮೀನು ತರಲು ಹುತ್ತರಿಯಿಂದ ಯುಗಾದಿಯವರೆಗಿನ ಕಾಲ ಚೆನ್ನ. ಅಂಗಡಿಯಲ್ಲಿ ಕಣ್ಣೆದುರೇ ತಿಂದದ್ದನ್ನು ಮಾತ್ರ ಕೊಳ್ಳಬೇಕು. ಬೆಂಗಳೂರಿನಿಂದ ಬಸ್ಸಿನಲ್ಲಿ ಬಂದ ಚೀಲವನ್ನು ಕಟ್ಟು ಬಿಚ್ಚದೆ 20 ನಿಮಿಷ ತೇಲಿಸಿ, ಬಿಚ್ಚಿದ ಕೂಡಲೇ ಮೀನನ್ನು ಕ್ವಾರಂಟೈನ್‌ಗೆ ಬಿಡಬೇಕು. ಹನಿಹನಿಯಾಗಿ ಗಂಟೆಗಟ್ಟಲೆ ಒಗ್ಗಿಸುವುದು ಇಲ್ಲಿ ತಪ್ಪು: ಚೀಲ ಬಿಚ್ಚಿದೊಡನೆ ಇಂಗಾಲದ ಡೈಆಕ್ಸೈಡ್ ಹೋಗಿ ಪಿಎಚ್ ಏರುತ್ತದೆ, ಅಲ್ಲಿಯವರೆಗೆ ನಿರಪಾಯವಾಗಿದ್ದ ಅಮೋನಿಯಂ ವಿಷದ ಅಮೋನಿಯಾ ಆಗುತ್ತದೆ. ಮಾರುವವರ ನೀರಿನ ಉಪ್ಪಿನಂಶ ಮೊದಲೇ ಕೇಳಿ ಕ್ವಾರಂಟೈನ್ ನೀರನ್ನು ಅದಕ್ಕೆ ಹೊಂದಿಸಿಟ್ಟರೆ ತೊಂದರೆಯಿಲ್ಲ.

ಡ್ವಾರ್ಫ್ ಏಂಜೆಲ್‌ಗಳಿಗೆ ತಾಮ್ರದ ಔಷಧಿ ಆಗಿಬರುವುದಿಲ್ಲ, ಮೇವು ಬಿಟ್ಟುಬಿಡುತ್ತವೆ. ಬಿಳಿ ಚುಕ್ಕೆ ರೋಗಕ್ಕೆ ಟ್ಯಾಂಕ್ ಬದಲಿಸುವ ವಿಧಾನವೇ ವಾಸಿ. 40 ಲೀಟರಿನ ಎರಡು ಟಬ್ಬು, ಎರಡು ಜೊತೆ ಹೀಟರ್, ಏರ್ ಸ್ಟೋನ್, ಪೈಪಿನ ತುಂಡು. ಪ್ರತಿ 72 ಗಂಟೆಗೊಮ್ಮೆ ಹೊಸ ನೀರಿನ ಟಬ್ಬಿಗೆ, ಒಟ್ಟು ನಾಲ್ಕು ಸಲ. ಮೈಯಿಂದ ಉದುರಿ ತಳಕ್ಕಂಟಿದ ಪರಾವಲಂಬಿ ಒಡೆದು ಮರಿ ಬಿಡುವ ಮೊದಲೇ ಮೀನು ಅಲ್ಲಿರುವುದಿಲ್ಲ. ಖಾಲಿಯಾದ ಟಬ್ಬು ಪೂರ್ತಿ ಒಣಗಬೇಕು ಎಂಬುದು ಇದರ ಷರತ್ತು. ನಮ್ಮ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ. ಬ್ಲೀಚಿಂಗ್ ನೀರಿನಲ್ಲಿ ನೆನೆಸಿ, ಚೆನ್ನಾಗಿ ತೊಳೆದು ಒರೆಸಬೇಕಾಗುತ್ತದೆ. ಚರ್ಮದ ಹುಳುವಿಗೆ ಪ್ರಾಜಿಕ್ವಾಂಟೆಲ್ ಔಷಧಿ ಲೀಟರಿಗೆ 2.5 ಮಿ.ಗ್ರಾಂ., ಒಂದು ವಾರದೊಳಗೆ ಮತ್ತೊಮ್ಮೆ. ಮೈಮೇಲೆ ಧೂಳಿನಂಥ ಪುಡಿ ಕಾಣುವ ವೆಲ್ವೆಟ್ ರೋಗಕ್ಕೆ ಟಬ್ಬು ಬದಲಿಸುವುದು ಸಾಲದು, ಆಗಿಬರದಿದ್ದರೂ ಅಲ್ಲಿ ತಾಮ್ರವೇ ಗತಿ.

ಮುಖ್ಯ ಟ್ಯಾಂಕಿಗೆ ಬಿಡುವಾಗ ತೂತಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾಲ್ಕೈದು ದಿನ ಒಳಗೇ ತೂಗುಹಾಕಿ, ಹಳೆಯ ಮೀನುಗಳ ಸಿಟ್ಟು ಇಳಿದ ಮೇಲೆ ಬಿಡುತ್ತೇನೆ. ಆಮೇಲೆ ಹವಳದ ಮೇಲೆ ಕಣ್ಣು. ಲೆದರ್ ಹವಳ ಮುದುಡಿ ಮೈಮೇಲೆಲ್ಲ ಮೇಣದಂಥ ಪೊರೆ ಬಂದರೆ ಅದು ತಾನಾಗಿ ಪೊರೆ ಬಿಡುತ್ತಿದೆ, ವಾರದೊಳಗೆ ತೆರೆದುಕೊಳ್ಳುತ್ತದೆ. ಅಲ್ಲಲ್ಲಿ ಕಿತ್ತ ಗುರುತು, ಲೋಳೆಯ ಎಳೆ ಕಂಡರೆ ಏಂಜೆಲ್ ಕೆಲಸ. ಮೊದಲು ನೋರಿ ಕ್ಲಿಪ್ ಎರಡು ಮಾಡಿ, ಮೇವನ್ನು ಐದು ಹೊತ್ತಿಗೆ ಹಂಚಿ ನೋಡುತ್ತೇನೆ. ಹೆಚ್ಚಿನವು ಅಷ್ಟಕ್ಕೇ ತಣ್ಣಗಾಗುತ್ತವೆ. ಎರಡು ವಾರವಾದರೂ ಅದೇ ಹವಳಕ್ಕೆ ಬಾಯಿ ಹಾಕುತ್ತಿದ್ದರೆ ಹವಳ ಅಥವಾ ಮೀನು, ಒಂದನ್ನು ತೆಗೆಯಬೇಕು. ಬಲೆ ಹಿಡಿದು ಅಟ್ಟಿದರೆ ಕಲ್ಲೆಲ್ಲ ಉರುಳುತ್ತದೆ. ಎರಡು ಲೀಟರಿನ ಬಾಟಲಿಯ ಕೊರಳು ಕತ್ತರಿಸಿ ತಲೆಕೆಳಗಾಗಿ ಒಳಕ್ಕೆ ಸಿಕ್ಕಿಸಬೇಕು, ಬಾಯಿ ಮೀನು ನುಸುಳುವಷ್ಟು ಅಗಲವಿರಲಿ. ಒಳಗೆ ನೋರಿ ಕಟ್ಟಿ, ಬೆಳಗಿನ ಮೇವು ಕೊಡದೆ ಗುಹೆಯ ಬಳಿ ಇಟ್ಟರೆ ಹಸಿದ ಏಂಜೆಲ್ ತಾನಾಗಿ ಒಳಗೆ ಹೋಗುತ್ತದೆ.