ಅಬಾರ್ಷನ್ ಸರಿಯೋ ತಪ್ಪೋ ಅಂತ ಮನೇಲಿ ಕೂತು ಮಾತಾಡೋದು ಹೇಗೆ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಾವು ಏಳೆಂಟು ಕನ್ನಡದೋರು ತಿಂಗಳಿಗೊಂದು ಭಾನುವಾರ ಯಾರಾದ್ರೂ ಒಬ್ಬರ ಮನೇಲಿ ಸೇರ್ತೀವಿ, ಹೋದ ಸಲ ಈ ವಿಷಯ ಬಂತು, ನಾನು ಮಾತಿನ ಭರದಲ್ಲಿ "ಭ್ರೂಣಹತ್ಯೆ" ಅಂದ್ಬಿಟ್ಟೆ, ಪಕ್ಕದಲ್ಲಿದ್ದ ಅಕ್ಕ ಕಾಫಿ ಲೋಟ ಅರ್ಧಕ್ಕೇ ಇಟ್ಟು ಒಳಗೆ ಹೋದ್ರು, ಅಡುಗೆಮನೇಲಿ ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳ್ತಿತ್ತು. ಅದಕ್ಕೇ ಇದನ್ನ ಬರೀತಿದೀನಿ.

ಮೊದಲು ಪದ ನೋಡ್ಕೊಳ್ಳಿ. ಹತ್ಯೆ ಅಂದ್ಮೇಲೆ ತೀರ್ಪೇ ಕೊಟ್ಟಾಯ್ತು, ವಾದಕ್ಕೆ ಏನು ಉಳೀತು? ಇನ್ನೊಂದು, ನಮ್ಮಲ್ಲಿ ತಾನಾಗೇ ಹೋದ್ರೂ "ಅಬಾರ್ಷನ್ ಆಯ್ತು" ಅಂತೀವಿ, ತೆಗೆಸಿದ್ರೂ ಅದೇ ಮಾತು, ಹಾಗಾಗಿ ಯಾವುದರ ಬಗ್ಗೆ ಮಾತು ಅಂತ ಶುರುವಲ್ಲೇ ಹೇಳಿ, ಕೂತವರಲ್ಲಿ ಯಾರು ಏನು ಅನುಭವಿಸಿದ್ದಾರೋ ಗೊತ್ತಿರಲ್ಲ.

ಆಮೇಲೆ ಎರಡು ಪ್ರಶ್ನೆ ಬೇರೆ ಬೇರೆ ಇಡಿ. ಹೊಟ್ಟೆಯೊಳಗಿರೋ ಜೀವಕ್ಕೆ ನಮ್ಮ ಹಾಗೇ ಬದುಕೋ ಹಕ್ಕಿದೆಯಾ? ಇದೆ ಅಂತಲೇ ಇಟ್ಕೊಂಡ್ರೂ, ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಮೈಯನ್ನ ಒಂಬತ್ತು ತಿಂಗಳು ಬಳಸೋ ಹಕ್ಕೂ ಇದೆಯಾ? ಒಬ್ರು ಮೊದಲನೇದಕ್ಕೆ, ಇನ್ನೊಬ್ರು ಎರಡನೇದಕ್ಕೆ ಉತ್ತರ ಕೊಡ್ತಾ ಹೋದ್ರೆ ಬರೀ ಜಗಳ.

ಮೊದಲನೇದಕ್ಕೆ ಅಮೆರಿಕದ ತತ್ವಶಾಸ್ತ್ರಜ್ಞ ಡಾನ್ ಮಾರ್ಕ್ವಿಸ್ 1989ರಲ್ಲಿ ಬರೆದ ವಾದ ತಗೊಳ್ಳಿ: ಕೊಲ್ಲೋದು ಯಾಕೆ ತಪ್ಪು ಅಂದ್ರೆ ಮುಂದೆ ಬಾಳಬೇಕಾದ ಬದುಕನ್ನೇ ಕಿತ್ಕೊಳ್ಳುತ್ತೆ, ಭ್ರೂಣಕ್ಕೂ ಅಂಥ ಮುಂದಿನ ಬದುಕಿದೆ. ಹಗುರವಾಗಿ ತಳ್ಳಿಹಾಕೋ ಮಾತಲ್ಲ ಇದು, ದೇವರು ಧರ್ಮ ಯಾವುದನ್ನೂ ಎಳೆದು ತಂದಿಲ್ಲ ಆತ.

ಎರಡನೇದಕ್ಕೆ ಅಮೆರಿಕದವರೇ ಆದ ತತ್ವಶಾಸ್ತ್ರಜ್ಞೆ ಜುಡಿತ್ ಜಾರ್ವಿಸ್ ಥಾಮ್ಸನ್ 1971ರ ಲೇಖನದಲ್ಲಿ ಹೇಳಿದ ಕಥೆ ತಗೊಳ್ಳಿ. ಬೆಳಗ್ಗೆ ಎದ್ದು ನೋಡಿದ್ರೆ ಕಿಡ್ನಿ ಕೆಟ್ಟ ಒಬ್ಬ ದೊಡ್ಡ ವಯಲಿನ್ ವಾದಕನನ್ನ ನಿಮ್ಮ ಮೈಗೆ ಪೈಪ್ ಹಾಕಿ ಜೋಡಿಸಿದ್ದಾರೆ, ಒಂಬತ್ತು ತಿಂಗಳು ಹೀಗೇ ಮಲಗಿದ್ರೆ ಅವನು ಬದುಕ್ತಾನೆ, ಬಿಡಿಸಿಕೊಂಡ್ರೆ ಸಾಯ್ತಾನೆ. ಇದ್ರೆ ದೊಡ್ಡ ಮನಸ್ಸು, ಆದ್ರೆ ಇರಲೇಬೇಕಾ? ಕಥೆ ಹೇಳಿ ಸ್ವಲ್ಪ ಸುಮ್ನಿರಿ, ಯೋಚಿಸೋಕೆ ಬಿಡಿ. ಇದು ರೇಪ್ ಕೇಸಿಗೆ ಸರಿ, ಇಷ್ಟಪಟ್ಟು ಕೂಡಿದವರಿಗೆ ಹೇಗೆ ಅಂತ ಯಾರಾದ್ರೂ ಕೇಳೇ ಕೇಳ್ತಾರೆ, ಕೇಳ್ಬೇಕು ಕೂಡ, ಆ ಪ್ರಶ್ನೆನ ಆಕೆಯೂ ಅದೇ ಲೇಖನದಲ್ಲಿ ಎತ್ಕೊಂಡಿದ್ದಾರೆ. ನನಗಂತೂ ಆಕೆಯ ವಾದವೇ ಹೆಚ್ಚು ತೂಕದ್ದು ಅನ್ಸುತ್ತೆ.

"ಕಾನೂನಲ್ಲಿದೆಯಲ್ಲ" ಅಂತ ಯಾರಾದ್ರೂ ಮುಗಿಸೋಕೆ ಹೋದ್ರೆ ಇದನ್ನ ಹೇಳಿ. 2008ರಲ್ಲಿ ಇದೇ ಮುಂಬೈನ ಹೈಕೋರ್ಟಿಗೆ ಒಂದು ದಂಪತಿ ಹೋಗಿದ್ರು, ಮಗುವಿನ ಹೃದಯದಲ್ಲಿ ತೊಂದರೆ, ಆಗಿನ ಮಿತಿ 20 ವಾರ ದಾಟಿತ್ತು, ಕೋರ್ಟ್ ಒಪ್ಪಲಿಲ್ಲ. 2021ರಲ್ಲಿ ಗರ್ಭಪಾತದ ಕಾನೂನಿಗೆ ತಿದ್ದುಪಡಿ ಆದ್ಮೇಲೆ ಕೆಲವು ವರ್ಗದವರಿಗೆ 24 ವಾರ, ಭ್ರೂಣದಲ್ಲಿ ಗಂಭೀರ ದೋಷ ಇದ್ರೆ ಅದರಾಚೆಗೂ ಮೆಡಿಕಲ್ ಬೋರ್ಡ್ ಮುಂದೆ ಹೋಗ್ಬಹುದು. ಮಿತಿ ಬದಲಾಯ್ತು ಅಂತ ಸರಿತಪ್ಪೂ ಬದಲಾಯ್ತಾ?

ಹೆಣ್ಣು ಅಂತ ತೆಗೆಸೋದನ್ನ ಮಾತ್ರ ಬೇರೆಯಾಗೇ ಚರ್ಚೆ ಮಾಡಿ. ಲಿಂಗಪತ್ತೆ ಪರೀಕ್ಷೆಗೆ ದೇಶದಲ್ಲೇ ಮೊದಲು ಕಡಿವಾಣ ಹಾಕಿದ್ದು ಮಹಾರಾಷ್ಟ್ರ, 1988ರಲ್ಲಿ. ಅಲ್ಲಿ ತಪ್ಪಿರೋದು ತೆಗೆಸೋದರಲ್ಲೋ, ತೆಗೆಸೋ ಕಾರಣದಲ್ಲೋ? ಕಾರಣದಲ್ಲಿ ಅಂತ ನನ್ನ ಅಭಿಪ್ರಾಯ, ಮನೆಯವರ ಒತ್ತಾಯಕ್ಕೆ ತೆಗೆಸಿದ್ರೆ ಅದು ಅವಳ ನಿರ್ಧಾರವೂ ಅಲ್ಲ.

ಅಕ್ಕನಿಗೆ ಮಾರನೇ ದಿನ ಫೋನ್ ಮಾಡಿ ತಪ್ಪಾಯ್ತು ಅಂದೆ. ಮುಂದಿನ ಭಾನುವಾರ ಬರ್ತಾರಂತೆ, ಆ ವಿಷಯ ಬೇಕಾದ್ರೆ ನಾನೇ ಎತ್ತುತೀನಿ ಅಂದ್ರು.