ಸೆರಗಿಗೆ ಒಂಬತ್ತು ಪದರ

ಇಂಗ್ಲೆಂಡಿನ ಕುಂಬಾರಿಕೆಯ ಊರಾದ ಸ್ಟೋಕ್-ಆನ್-ಟ್ರೆಂಟ್‌ನಲ್ಲಿ ‘ಹೂದಾನಿಯ ಉಬ್ಬುಚಿತ್ರವನ್ನು ಅಚ್ಚಿನಲ್ಲಿ ಒತ್ತಿ ಅಂಟಿಸು, ಸಾಕು’ ಎಂದು ನನಗೆ ಹೇಳದವರಿಲ್ಲ. ಪಾತ್-ಸುರ್-ಪಾತ್‌ಗೆ, ಅಂದರೆ ಹಸಿ ಹೂದಾನಿಯ ಮೇಲೆ ಕುಂಚದಿಂದ ಬಿಳಿ ಸ್ಲಿಪ್ (ನೀರಲ್ಲಿ ಕದಡಿದ ಜೇಡಿ) ಪದರ ಪದರವಾಗಿ ಏರಿಸಿ ಚಿತ್ರ ಕಟ್ಟುವ ಕೆಲಸಕ್ಕೆ, ಹಿತ್ತಲಿನ ವಿದ್ಯುತ್ ಆವಿಗೆ, ಅಂದರೆ ಜೇಡಿ ಸುಡುವ ಗೂಡು, ಒಗ್ಗುವುದಿಲ್ಲ ಎಂಬುದು ಅವರ ವಾದವಾಗಿತ್ತು. ಕಳೆದ ತಿಂಗಳು ತೆಗೆದ ಹೂದಾನಿಯಲ್ಲಿ ನರ್ತಕಿಯ ಸೆರಗಿನೊಳಗಿಂದ ಅವಳ ಮೊಣಕಾಲು ನಸುವಾಗಿ ಕಾಣುತ್ತಿದೆ.

ಅಚ್ಚಿನ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ವೆಜ್‌ವುಡ್‌ನ ಜ್ಯಾಸ್ಪರ್ ಎಂಬ ಮೆರುಗಿಲ್ಲದ ಬಣ್ಣದ ಹೂದಾನಿಗಳ ಬಿಳಿ ದೇವತೆಗಳು ಹುಟ್ಟಿದ್ದು ಅಚ್ಚಿನಿಂದಲೇ. ಆದರೆ 1870ರಲ್ಲಿ ಫ್ರಾನ್ಸಿನಿಂದ ಇಲ್ಲಿನ ಮಿಂಟನ್ ಕಾರ್ಖಾನೆಗೆ ಬಂದ ಲೂಯಿ ಸೋಲೋನ್ ಗ್ರೀಕ್ ಉಡುಗೆಯ ಆ ಹೆಣ್ಣುಗಳಿಗೆ ಹೊಗೆಯಂಥ ಬಟ್ಟೆ ತೊಡಿಸಿದರು. ನನಗೆ ಬೇಕಾಗಿದ್ದದ್ದು ಆ ಹೊಗೆ.

ಮೊದಲ ಆರು ಹೂದಾನಿಗಳು ಪೂರ್ತಿ ಹಾಳಾದವು. ಹೂದಾನಿಯ ಮೈ ಹೆಚ್ಚು ಒಣಗಿತ್ತು. ಅದು ಸ್ಲಿಪ್ಪಿನ ನೀರನ್ನು ಹೀರಿಕೊಂಡಿತು, ನಾಲ್ಕನೆಯ ಪದರಕ್ಕೆ ಎಲ್ಲವೂ ಹಾಲಿನ ಕೆನೆಯಂತೆ ಎದ್ದು ಬಂತು. ಮೈಯನ್ನು ತೇವದ ಪೆಟ್ಟಿಗೆಯಲ್ಲಿಟ್ಟು ಕೆಲಸ ಮಾಡತೊಡಗಿದ ಮೇಲೆ ಏಳುವುದು ನಿಂತಿತು, ಗುಳ್ಳೆಗಳು ಶುರುವಾದವು. ದಪ್ಪ ಸ್ಲಿಪ್ ಬಿಟ್ಟು ನೀರು ಮಜ್ಜಿಗೆಯ ಹದಕ್ಕೆ ಇಳಿದೆ. ಸ್ಲಿಪ್ಪಿಗೆ ಇನ್ನೊಂದು ವಸ್ತುವನ್ನೂ ನಾಲ್ಕೈದು ಹನಿ ಸೇರಿಸುತ್ತೇನೆ. ಅದು ಯಾವುದೆಂದು ಇಲ್ಲಿ ಬರೆಯುವುದಿಲ್ಲ, ಎರಡು ವರ್ಷ ಕಳೆದು ಸಿಕ್ಕಿದ್ದು ಅದು.

ನಿಜವಾದ ಕಷ್ಟ ಕಣ್ಣಿನದು. ಹಸಿಯಲ್ಲಿ ಒಂದು ಪದರವೂ ಬಿಳಿ, ಇಪ್ಪತ್ತು ಪದರವೂ ಬಿಳಿ. ಸುಟ್ಟ ಮೇಲೆ ತೆಳುವಾದದ್ದು ಮಾಯವಾಗುತ್ತದೆ, ದಪ್ಪವಾದದ್ದು ಸುಣ್ಣದ ಮುದ್ದೆಯಾಗುತ್ತದೆ. ಒಂದು ಹೂದಾನಿಯಲ್ಲಿ ಸೆರಗು ಪೂರ್ತಿ ಕರಗಿಹೋಗಿ ಅವಳ ಕೈ ಬರಿಗಾಳಿಯನ್ನು ಹಿಡಿದುಕೊಂಡಿತ್ತು. ಆಗ ಅದೇ ಕಡುಹಸಿರು ಮೈಯ ಒಂದು ಬಿಲ್ಲೆಯ ಮೇಲೆ ಒಂದರಿಂದ ಮೂವತ್ತರವರೆಗೆ ಪದರಗಳ ಮೆಟ್ಟಿಲು ಮಾಡಿ, ಸುಮಾರು 1,220 ಡಿಗ್ರಿಗೆ ಸುಟ್ಟು, ಮೇಜಿನ ಮುಂದೆ ನೇತುಹಾಕಿದೆ. ನನ್ನ ಸ್ಲಿಪ್ಪಿಗೆ ಸೆರಗು ಒಂಬತ್ತರ ಹತ್ತಿರ, ಭುಜ ಇಪ್ಪತ್ತೆರಡು. ಕುಂಚದ ಕೈ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಬಿಲ್ಲೆಯನ್ನು ನೀವೇ ಮಾಡಿಕೊಳ್ಳಿ.

ನಡುವೆ ಎರಡು ವಾರ ಬಸಾಲ್ಟ್ ಎಂಬ ಕಪ್ಪು ಜೇಡಿಯ ಮೈಯ ಹಿಂದೆ ಬಿದ್ದೆ. ಕಪ್ಪಿನ ಮೇಲೆ ಬಿಳಿ ಲಾರೆಲ್ ಎಲೆಗಳು ಹಸಿಯಲ್ಲಿ ಬಹಳ ಚೆನ್ನಾಗಿ ಕಂಡವು. ಎರಡು ಜೇಡಿಗಳ ಕುಗ್ಗುವಿಕೆ ಹೊಂದಲಿಲ್ಲ, ಎಲೆಗಳು ಆವಿಗೆಯ ತಳದಲ್ಲಿ ಉದುರಿಬಿದ್ದಿದ್ದವು. ಈಗ ಮೈಗೂ ಸ್ಲಿಪ್ಪಿಗೂ ಒಂದೇ ಪೋರ್ಸಲೇನ್. ಮೈಗೆ ಮಾತ್ರ ಬಣ್ಣ.

ಖರ್ಚು ಜೇಡಿ, ವಿದ್ಯುತ್ ಸೇರಿ 1,100 ಪೌಂಡಿನ ಆಸುಪಾಸು. ಹದಿನೇಳೋ ಹದಿನೆಂಟೋ ಹೂದಾನಿಗಳು ಒಡೆದ ರಾಶಿಗೆ ಸೇರಿದವು. ನರ್ತಕಿಯ ಹೂದಾನಿ 640 ಪೌಂಡಿಗೆ ಹೋಯಿತು. ಕೊಂಡವರು, ಅಚ್ಚೇ ಸಾಕು ಎಂದಿದ್ದವರಲ್ಲಿ ಒಬ್ಬರು. ಅವರು ಭೂತಗನ್ನಡಿ ಹಿಡಿದು ಅಚ್ಚಿನ ಅಂಚಿಗಾಗಿ ಕಾಲು ಗಂಟೆ ಹುಡುಕಿದರು.

ಈಗ ತೇವದ ಪೆಟ್ಟಿಗೆಯಲ್ಲಿ ಬಲೆಗೆ ಸಿಕ್ಕಿದ ಪ್ರೇಮದೇವ ಕ್ಯುಪಿಡ್ ಇದ್ದಾನೆ. ರೆಕ್ಕೆಗೆ ಏಳನೆಯ ಪದರ ನಡೆಯುತ್ತಿದೆ.